ಭೂಕಂಪನದ ಚಲನೆಯಿಂದ ಪೀಠೋಪಕರಣ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ವಿನ್ಯಾಸ ಕಲಿಯುತ್ತಿರುವವರು, ಮರಗೆಲಸದ ವರ್ಕ್‌ಶಾಪ್ ನಡೆಸುವವರು, ಮನೆಗೊಂದು ವಿಶೇಷ ಬೀರು ಮಾಡಿಸಬೇಕೆನ್ನುವವರು ಕೇಳುವ ಪ್ರಶ್ನೆಗಳಿವು. ಅಳತೆಗಳೆಲ್ಲ ಮಿಲಿಮೀಟರಿನಲ್ಲಿವೆ. ಬೇರೆ ಮಾನ ಬಳಸಿದ ಕಡೆ ಹೆಸರಿಸಿದ್ದೇವೆ.

ಭೂಕಂಪನದಿಂದ ಸ್ಫೂರ್ತಿ ಅಂದರೆ ಬೀರುವಿನ ಬಾಗಿಲ ಮೇಲೆ ಸೀಸ್ಮೋಗ್ರಾಫ್ ಗೆರೆ ಕೆತ್ತುವುದೇ?

ಕೆತ್ತಿದರೆ ತಪ್ಪೇನಿಲ್ಲ. ಆದರೆ ಅದು ಬರೀ ಅಲಂಕಾರ. ಆ ಗೆರೆ ಎಳೆದದ್ದು ಉಪಕರಣದ ಮುಳ್ಳು. ನೆಲ ಮಾಡುವ ಕೆಲಸವೇ ಬೇರೆ: ಒತ್ತಿ ಹಿಗ್ಗುತ್ತದೆ, ಅಡ್ಡಕ್ಕೆ ತೂಗುತ್ತದೆ, ಸ್ತರಭಂಗದ (ನೆಲದ ಪದರ ಸೀಳಿದ ಗೆರೆಯ) ಗುಂಟ ಜಾರುತ್ತದೆ, ತನ್ನ ಲಯಕ್ಕೆ ಹೊಂದುವ ವಸ್ತುವನ್ನು ಉಳಿದವಕ್ಕಿಂತ ಜೋರಾಗಿ ಕುಣಿಸುತ್ತದೆ. ಪಟ್ಟಿಗಳ ನಡುವೆ ಎಷ್ಟು ಸಂದು ಬಿಡಬೇಕು, ಡ್ರಾಯರ್ ಎಷ್ಟು ಸರಿಯಬೇಕು, ಹಲಗೆಯನ್ನು ಎಲ್ಲಿ ಸೀಳಬೇಕು, ಕಾಲಿನ ಕೆಳಗೆ ಏನಿರಬೇಕು ಎಂಬುದನ್ನು ಈ ಚಲನೆಗಳೇ ಹೇಳಿಕೊಡುತ್ತವೆ. ಗೆರೆ ತೆಗೆದುಹಾಕಿದರೂ ಚಲನೆ ಕಾಣುತ್ತಿದ್ದರೆ ವಿನ್ಯಾಸ ಗೆದ್ದಂತೆ.

ನೋಡಿ ಕಲಿಯಲು ಎರಡು ವಸ್ತುಗಳಿವೆ. ಜಪಾನಿನ ಶಿರೊ ಕುರಾಮಾತ 1970ರಲ್ಲಿ ರೂಪಿಸಿದ ಅಲೆಯಾಕಾರದ ಡ್ರಾಯರ್ ಬೀರುಗಳು ಒಂದು. ಒಂದರ ಅಲೆ ಎಡಬಲಕ್ಕೆ, ಇನ್ನೊಂದರ ಅಲೆ ಹಿಂದುಮುಂದಕ್ಕೆ. ಇಟಲಿಯ ಫೆರುಚ್ಚೊ ಲವಿಯಾನಿ 2013ರಲ್ಲಿ ಫ್ರಾತೆಲ್ಲಿ ಬೊಫ್ಫಿ ಕಂಪನಿಗೆ ಮಾಡಿದ ‘ಗುಡ್ ವೈಬ್ರೇಷನ್ಸ್’ ಇನ್ನೊಂದು. ಹಳೆಯ ಶೈಲಿಯ ಕೆತ್ತನೆ ಬೀರು, ಹಾಳಾದ ವಿಡಿಯೊ ಟೇಪಿನ ಚಿತ್ರದಂತೆ ಅಡ್ಡಡ್ಡ ಅಲುಗಿದ ಹಾಗೆ ಕಾಣುತ್ತದೆ. ಇವನ್ನು ಭೂಕಂಪನದ ಪೀಠೋಪಕರಣ ಎಂದು ಕರೆಯಬೇಕಿಲ್ಲ. ನೆಟ್ಟಗಿನ ಪೆಟ್ಟಿಗೆಯನ್ನು ತೂಗಾಡಿಸಿಯೂ ಬಳಕೆಗೆ ಬರುವಂತೆ ಉಳಿಸಿಕೊಂಡದ್ದು ಹೇಗೆ ಎಂಬುದಕ್ಕೆ ನೋಡಬೇಕು.

ಅಲೆಗಳಲ್ಲಿ ಎಷ್ಟು ಬಗೆ? ಯಾವುದು ಯಾವ ವಸ್ತುವಿಗೆ ಹೊಂದುತ್ತದೆ?

ನಾಲ್ಕು ಬಗೆ. ಮೊದಲು ಬರುವ ಪಿ ಅಲೆ ಹೋಗುವ ದಿಕ್ಕಿನಲ್ಲೇ ನೆಲವನ್ನು ಒತ್ತಿ ಹಿಗ್ಗಿಸುತ್ತದೆ. ಹಿಂದೆ ಬರುವ ಎಸ್ ಅಲೆ ಅಡ್ಡಕ್ಕೆ ಅಲುಗಿಸುತ್ತದೆ. ಮೇಲ್ಮೈಗುಂಟ ಸಾಗುವ ಲವ್ ಅಲೆಯದು ಹಾವಿನಂಥ ಸಮತಲದ ಓಟ. ರೇಲೀ ಅಲೆಯಲ್ಲಿ ನೆಲದ ಕಣ ಅಂಡಾಕಾರವಾಗಿ ಸುತ್ತುತ್ತದೆ, ಆಳಕ್ಕೆ ಹೋದಂತೆ ಸುತ್ತು ಸಣ್ಣದಾಗುತ್ತದೆ.

ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಬರುವುದು ಪಿ ಅಲೆ. ಮಂಚದ ತಲೆಹಲಗೆಗೋ ಕೋಣೆಯ ಮರೆಗೋ 20 ಅಗಲದ ಒಂದೇ ಅಳತೆಯ ಪಟ್ಟಿಗಳು ಸಾಕು. ಬದಲಾಗುವುದು ಸಂದು ಮಾತ್ರ. ಒಂದು ಅಲೆಗೆ ಹನ್ನೆರಡು ಪಟ್ಟಿ ಇಟ್ಟುಕೊಂಡರೆ ಸಂದುಗಳು ಕ್ರಮವಾಗಿ 20, 26, 30, 32, 30, 26, 20, 14, 10, 8, 10, 14. ಒಟ್ಟು 240. ಪಟ್ಟಿಗಳ 240 ಸೇರಿ ಒಂದು ಅಲೆಗೆ 480. ಸಂದು 8ಕ್ಕಿಂತ ಕಡಿಮೆಯಾದರೆ ಒರೆಸುವ ಬಟ್ಟೆ ಒಳಗೆ ಹೋಗದೆ ಧೂಳು ಕೂರುತ್ತದೆ. ಗುರುತು ಹಾಕುವಾಗ ಪಕ್ಕದ ಪಟ್ಟಿಯಿಂದ ಅಳೆಯಬೇಡಿ. ಒಂದೊಂದರಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಹನ್ನೆರಡನೆಯದಕ್ಕೆ 6 ಮಿ.ಮೀ. ಆಗಿ, ಕೊನೆಯ ಪಟ್ಟಿ ಚೌಕಟ್ಟಿಗೆ ತಾಗುತ್ತದೆ. ಎಲ್ಲ ಗುರುತೂ ಒಂದೇ ತುದಿಯಿಂದ, ಒಂದೇ ಟೇಪಿನಲ್ಲಿ.

ಎಸ್ ಅಲೆ ಡ್ರಾಯರ್ ಬೀರುವಿಗೆ ಹೇಳಿ ಮಾಡಿಸಿದ್ದು, ಅದಕ್ಕೆ ಮುಂದೆ ಬರೋಣ. ಲವ್ ಅಲೆ ಉದ್ದನೆಯ ಬೆಂಚಿಗೆ ಸರಿ: ಮೇಲಿನಿಂದ ನೋಡಿದರೆ ಹಾವಿನಾಕಾರ, ಆಸನದ ಎತ್ತರ ಎಲ್ಲೆಡೆ ಒಂದೇ. ರೇಲೀ ಅಲೆಯನ್ನು ದಪ್ಪ ಕಾಲುಗಳ ಕೆತ್ತನೆಗೆ ತರಬಹುದು, ಮೇಲೆ ಆಳವಾಗಿ, ಕೆಳಗಿಳಿದಂತೆ ತೆಳುವಾಗಿ. ಅದನ್ನೇ ಟೇಬಲಿನ ಮೇಲ್ಮೈಗೆ ತಂದರೆ ಲೋಟ ನಿಲ್ಲುವುದಿಲ್ಲ.

ನಿಜವಾದ ಭೂಕಂಪನದ ದಾಖಲೆ ಎಲ್ಲಿ ಸಿಗುತ್ತದೆ? ಅದನ್ನು ನೇರವಾಗಿ ಮರಕ್ಕೆ ಇಳಿಸಬಹುದೇ?

ಅಮೆರಿಕದ ‘ಸೆಂಟರ್ ಫಾರ್ ಎಂಜಿನಿಯರಿಂಗ್ ಸ್ಟ್ರಾಂಗ್ ಮೋಷನ್ ಡೇಟಾ’ ತಾಣದಲ್ಲಿ ದಾಖಲೆಗಳು ಉಚಿತ. ಎಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತಿರುವುದು ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೊದಲ್ಲಿ 1940ರ ಮೇ 18ರಂದು ದಾಖಲಾದ ಉತ್ತರ-ದಕ್ಷಿಣ ಚಲನೆ. ನಮ್ಮ ದೇಶದ್ದೇ ಬೇಕೆಂದರೆ 2001ರ ಭುಜ್ ಭೂಕಂಪನವನ್ನು ಅಹಮದಾಬಾದಿನ ಪಾಸ್‌ಪೋರ್ಟ್ ಕಚೇರಿ ಕಟ್ಟಡದಲ್ಲಿ ರೂರ್ಕಿಯ ಎಂಜಿನಿಯರಿಂಗ್ ಸಂಸ್ಥೆಯವರ ಉಪಕರಣ ಹಿಡಿದ ದಾಖಲೆ ಇದೆ.

ನೇರವಾಗಿ ಇಳಿಸಲು ಹೋದವರೆಲ್ಲ ಎಡವುವುದು ಇಲ್ಲೇ. ಈ ಕಡತಗಳಲ್ಲಿ ಸಾಮಾನ್ಯವಾಗಿ ಇರುವುದು ವೇಗೋತ್ಕರ್ಷ. ನೆಲ ಎಷ್ಟು ದೂರ ಸರಿಯಿತು ಎಂಬುದು ಬೇರೆ ಲೆಕ್ಕ. ವೇಗೋತ್ಕರ್ಷದ ಗೆರೆ ಸೂಜಿಮೊನೆಗಳ ಗುಂಪು. ಅದನ್ನು ಮರದಲ್ಲಿ ಕೊರೆದರೆ ಗರಗಸದ ಹಲ್ಲು ಕಾಣುತ್ತದೆ, ಭೂಮಿ ಕಾಣುವುದಿಲ್ಲ. ಎರಡು ಸಲ ಅನುಕಲಿಸಿದರೆ (ಇಂಟಿಗ್ರೇಟ್ ಮಾಡಿದರೆ) ಸ್ಥಳಾಂತರ ಸಿಗುತ್ತದೆ. ಅದು ನುಣುಪಾದ, ನಿಧಾನದ ಅಲೆ. ಮರಕ್ಕೆ ಬೇಕಾದದ್ದು ಅದೇ.

ಅನುಕಲಿಸುವ ಮುನ್ನ ತಳರೇಖೆ (ದಾಖಲೆಯ ಸೊನ್ನೆ ಗೆರೆ) ಸರಿಪಡಿಸಲೇಬೇಕು. ದಾಖಲೆ ಸೊನ್ನೆಯಿಂದ ಬರೀ 0.001 ಜಿ (ಜಿ ಎಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ) ಸರಿದಿದ್ದರೂ 40 ಸೆಕೆಂಡಿನ ಹೊತ್ತಿಗೆ ಆ ತಪ್ಪು ಸುಮಾರು 8 ಮೀಟರ್ ಆಗಿ ಗೆರೆ ಪರದೆಯಿಂದಲೇ ಹೊರಟುಹೋಗುತ್ತದೆ. ಪೀಠೋಪಕರಣದ ಮಟ್ಟಿಗೆ 0.1ರಿಂದ 0.4 ಹರ್ಟ್ಸ್ ನಡುವಿನ, ಅಂದರೆ ಎರಡೂವರೆಯಿಂದ ಹತ್ತು ಸೆಕೆಂಡಿಗೊಮ್ಮೆ ತೂಗುವ ಅಲೆ ಉಳಿಸಿಕೊಂಡು ಮಿಕ್ಕದ್ದನ್ನು ಸೋಸಿಬಿಡಿ. ‘ಆಬ್ಸ್‌ಪೈ’ ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನೆಲ್ಲ ಮಾಡುತ್ತದೆ.

ಅಲೆಯನ್ನು ಎಷ್ಟಕ್ಕೆ ಹಿಗ್ಗಿಸಬೇಕು?

1500 ಎತ್ತರದ ಬೀರುವಿಗೆ 10 ಸೆಕೆಂಡಿನ ತುಂಡು ಅನುಕೂಲ. ಆಗ ಒಂದು ಸೆಕೆಂಡಿಗೆ 150. ನಾಲ್ಕು ಸೆಕೆಂಡಿಗೊಮ್ಮೆ ತೂಗುವ ಅಲೆ 600 ಉದ್ದವಾಗುತ್ತದೆ. ಅದಕ್ಕೆ ನಡುಗೆರೆಯಿಂದ ಅತ್ತಿತ್ತ 60 ಏರಿಳಿತ ಕೊಟ್ಟರೆ ಅತಿ ಹೆಚ್ಚು ಓರೆ ಸುಮಾರು 32 ಡಿಗ್ರಿ, ಅತಿ ಬಿಗಿಯಾದ ತಿರುವಿನ ತ್ರಿಜ್ಯ ಸುಮಾರು 150. ಎರಡೂ ಬಡಗಿಯ ಕೈಗೆ ಎಟುಕುವಂಥವು.

ಸೋಸದೆ ಬಿಟ್ಟು, ಒಂದು ಸೆಕೆಂಡಿನ ಅಲೆಗೆ 40 ಏರಿಳಿತ ಕೊಟ್ಟರೆ? ಓರೆ 59 ಡಿಗ್ರಿ, ತ್ರಿಜ್ಯ 14. ಪ್ಲೈ ಅಷ್ಟು ಬಗ್ಗುವುದಿಲ್ಲ, ಮುರಿಯುತ್ತದೆ. ತ್ರಿಜ್ಯದ ಲೆಕ್ಕ ಸುಲಭ: ಅಲೆಯ ಉದ್ದದ ವರ್ಗವನ್ನು ಏರಿಳಿತದಿಂದ ಭಾಗಿಸಿ, ಮತ್ತೆ 39.5ರಿಂದ ಭಾಗಿಸಿ. ಡ್ರಾಯಿಂಗ್ ಮುಗಿಸುವ ಮುಂಚೆ ಪ್ರತಿ ತಿರುವಿಗೂ ಈ ಲೆಕ್ಕ ಹಾಕಿ.

ಅಲೆಯಾಕಾರದ ಬೀರುವಿನಲ್ಲಿ ಡ್ರಾಯರ್ ಹೇಗೆ ಕೂರುತ್ತದೆ?

ಇಡೀ ಕೆಲಸದಲ್ಲಿ ತಲೆ ತಿನ್ನುವ ಭಾಗ ಇದು. ಮುಂಭಾಗ ಎಷ್ಟೇ ತೂಗಾಡಲಿ, ಟೆಲಿಸ್ಕೋಪಿಕ್ ಚಾನೆಲ್ (ಡ್ರಾಯರ್ ಸರಿಯುವ ಲೋಹದ ಹಳಿ) ಮೇಲೆ ಓಡುವ ಪೆಟ್ಟಿಗೆ ಚೌಕವಾಗಿಯೇ ಇರಬೇಕು. ಅಂದರೆ ಬಾಗಿದ ಗೋಡೆಗಳ ನಡುವೆ ನೆಟ್ಟಗಿನ ಪೆಟ್ಟಿಗೆಗೆ ಎಷ್ಟು ಜಾಗ ಸಿಗುತ್ತದೆಂದು ಪ್ರತಿ ಡ್ರಾಯರಿಗೂ ಬೇರೆ ಬೇರೆ ಅಳೆಯಬೇಕು.

ಮೇಲಿನ ಅಲೆಯನ್ನೇ ತೆಗೆದುಕೊಳ್ಳಿ. ಹೊರ ಅಗಲ 500, ಪಕ್ಕದ ಹಲಗೆ 18 ದಪ್ಪ, ಡ್ರಾಯರ್ ಎತ್ತರ 140. ಅಲೆ ನಡುಗೆರೆಯನ್ನು ದಾಟುವ ಕಡೆ 140 ಎತ್ತರದೊಳಗೆ ಗೋಡೆ 80 ಸರಿದಿರುತ್ತದೆ. ಓರೆಯಾಗಿರುವುದರಿಂದ 18ರ ಹಲಗೆ ಅಡ್ಡಕ್ಕೆ 21 ಜಾಗ ತಿನ್ನುತ್ತದೆ. ಎರಡು ಬದಿಯ ಚಾನೆಲ್‌ಗೆ 26. ಕಳೆಯುತ್ತಾ ಬಂದರೆ ಪೆಟ್ಟಿಗೆಗೆ ಉಳಿಯುವುದು ಸುಮಾರು 350. ಅಲೆಯ ತುದಿಯಲ್ಲಿರುವ ಡ್ರಾಯರಿನಲ್ಲಿ ಗೋಡೆ 15 ಮಾತ್ರ ಸರಿಯುವುದರಿಂದ ಅಲ್ಲಿ ಪೆಟ್ಟಿಗೆ 420ರಷ್ಟು ಅಗಲ ಬರುತ್ತದೆ. ಎಲ್ಲ ಡ್ರಾಯರಿಗೂ ಒಂದೇ ಅಳತೆ ಬರೆದು ಕೊಟ್ಟರೆ ಒಂದೋ ಪೆಟ್ಟಿಗೆ ಒಳಗೆ ಹೋಗುವುದಿಲ್ಲ, ಇಲ್ಲವೇ ಎಲ್ಲವನ್ನೂ 350ಕ್ಕೆ ಇಳಿಸಿ ಜಾಗ ದಂಡ ಮಾಡಬೇಕಾಗುತ್ತದೆ.

ಚಾನೆಲನ್ನು ಬಾಗಿದ ಗೋಡೆಗೆ ಬಡಿಯಬಾರದು. ಪ್ರತಿ ಡ್ರಾಯರಿನ ಎರಡೂ ಬದಿಗೆ ತಳಕ್ಕೆ ಲಂಬವಾಗಿ ನಿಲ್ಲುವ ಪಟ್ಟಿ ಕೂರಿಸಿ, ಚಾನೆಲ್ ಅದರ ಮೇಲೆ ಬರಲಿ. ಒಂದು ಬದಿಗೆ ಒಂದು ಮಿ.ಮೀ. ಓರೆಯಾದರೂ ಡ್ರಾಯರ್ ಅರ್ಧಕ್ಕೆ ಬಂದು ಬಿಗಿಯುತ್ತದೆ. ಮುಂಭಾಗದ ಹಲಗೆಗಳನ್ನು ಒಂದೇ ದೊಡ್ಡ ಹಲಗೆಯಿಂದ ಮೇಲಿನಿಂದ ಕೆಳಕ್ಕೆ ಸರದಿಯಲ್ಲಿ ಕೊಯ್ಯಿರಿ, ಹಿಂದೆ ಪೆನ್ಸಿಲಿನಲ್ಲಿ ನಂಬರ್ ಹಾಕಿ. ಮರದ ಎಳೆ ಮುರಿಯದೆ ಹರಿದರೆ ಮಾತ್ರ ಅಲೆ ಅಲೆಯಾಗಿ ಕಾಣುತ್ತದೆ.

ಇದೆಲ್ಲ ಹೆಚ್ಚಾಯಿತು ಎನಿಸಿದರೆ ಸುಲಭದ ದಾರಿ ಉಂಟು: ಹತ್ತು ಚೌಕ ಪೆಟ್ಟಿಗೆಗಳನ್ನು ಅಲೆಯ ಲೆಕ್ಕಕ್ಕೆ ಅಡ್ಡಡ್ಡ ಸರಿಸಿ ಒಂದರ ಮೇಲೊಂದು ಬೋಲ್ಟ್ ಮಾಡಿ. ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ನಮ್ಮ ಕಣ್ಣಿಗೆ ಇದೇ ಹೆಚ್ಚು ಪ್ರಾಮಾಣಿಕ, ರಿಪೇರಿಗೂ ಸುಲಭ.

ಓರೆಯಾಗಿ ನಿಂತ ಬೀರು ಬೀಳುವುದಿಲ್ಲವೇ?

ಎಡಬಲಕ್ಕೆ ಬೀಳುವ ಭಯ ಕಡಿಮೆ. ಎರಡೂವರೆ ಅಲೆ ಇರುವ ಈ ಬೀರುವಿನಲ್ಲಿ ತೂಕದ ಕೇಂದ್ರ ನಡುಗೆರೆಯಿಂದ 8 ಕೂಡ ಸರಿಯುವುದಿಲ್ಲ. ನಿಜವಾದ ದಾಖಲೆಯಿಂದ ತೆಗೆದ ಅಲೆ ಒಂದೇ ಕಡೆಗೆ ವಾಲಿದ್ದರೆ ಮಾತ್ರ ತಳದ ನಡುವಿನ ಮೂರನೇ ಒಂದು ಭಾಗದೊಳಗೆ ಕೇಂದ್ರ ಬರುವಂತೆ ತುಂಡು ಆಯ್ದುಕೊಳ್ಳಿ.

ಅಪಾಯ ಇರುವುದು ಮುಂದಕ್ಕೆ. ಖಾಲಿ ಬೀರು 38 ಕೆ.ಜಿ., ತುಂಬಿದ ಹತ್ತು ಡ್ರಾಯರ್ ತಲಾ 7 ಕೆ.ಜಿ., ಆಳ 450 ಎಂದುಕೊಳ್ಳಿ. ಒಂದು ಡ್ರಾಯರ್ 350 ಎಳೆದರೆ ಕೇಂದ್ರ 23 ಮುಂದೆ ಬರುತ್ತದೆ, ತೊಂದರೆಯಿಲ್ಲ. ಹತ್ತೂ ಎಳೆದರೆ 227. ತಳದ ಅರ್ಧ 225. ಕೈ ತಾಗಿಸದೆಯೇ ಮಗುಚುತ್ತದೆ. ಮಗು ಡ್ರಾಯರ್ ಹತ್ತಿದರೆ ಅಷ್ಟೂ ಬೇಕಾಗಿಲ್ಲ. ಆದ್ದರಿಂದ ಗೋಡೆಗೆ ಬಿಗಿಯುವುದು ಕಡ್ಡಾಯ. ಒಮ್ಮೆಗೆ ಒಂದೇ ಡ್ರಾಯರ್ ತೆರೆಯುವಂತೆ ಮಾಡುವ ಲಾಕ್ ಇದ್ದರೆ ಇನ್ನೂ ಒಳ್ಳೆಯದು.

ಸ್ತರಭಂಗವನ್ನು ಟೇಬಲಿನಲ್ಲಿ ತೋರಿಸುವುದು ಹೇಗೆ?

1906ರ ಏಪ್ರಿಲ್ 18ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪನದಲ್ಲಿ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಗುಂಟ ನೆಲ ಜಾರಿ, ನೇರವಿದ್ದ ಹೊಲದ ಬೇಲಿಗಳು ತುಂಡಾಗಿ ಮೀಟರುಗಟ್ಟಲೆ ಪಕ್ಕಕ್ಕೆ ಸರಿದು ನಿಂತವು. ಪಾಯಿಂಟ್ ರೇಯ್ಸ್ ಬಳಿಯ ಬೇಲಿಯ ಚಿತ್ರ ಭೂವಿಜ್ಞಾನ ಪುಸ್ತಕಗಳಲ್ಲಿ ಸಾಮಾನ್ಯ. ಟೇಬಲಿನಲ್ಲಿ ಬೇಲಿಯ ಕೆಲಸ ಮಾಡುವುದು ಮರದ ಎಳೆ.

ಎಳೆ ನೇರವಾಗಿ ಎದ್ದು ಕಾಣುವ ತೇಗದ ಹಲಗೆ ಆರಿಸಿ. 1200ಕ್ಕೆ 600ರ ಮೇಲ್ಮೈಯನ್ನು ಉದ್ದಕ್ಕೆ 60 ಡಿಗ್ರಿ ಓರೆಯಾಗಿ ಒಂದೇ ಏಟಿಗೆ ಕೊಯ್ಯಿರಿ. ಕೊಯ್ತದ ಗುಂಟ ಒಂದು ಭಾಗವನ್ನು 40 ಸರಿಸಿ. ಹತ್ತು ಹನ್ನೆರಡು ಸರಿಸಿದರೆ ನೋಡಿದವರು ಬಡಗಿ ತಪ್ಪು ಮಾಡಿದ ಅಂದುಕೊಳ್ಳುತ್ತಾರೆ. 40 ಆದಾಗ ಬೇಕೆಂದೇ ಮಾಡಿದ್ದು ಎಂದು ತಿಳಿಯುತ್ತದೆ. ಬ್ಲೇಡ್ ತಿನ್ನುವ 3 ಮಿ.ಮೀ. ಕೂಡ ಅಷ್ಟರಲ್ಲಿ ಮುಚ್ಚಿಹೋಗುತ್ತದೆ.

ಕೂಡಿಸುವಾಗ ಬರೀ ಅಂಟು ನಂಬಬೇಡಿ. ಓರೆ ಕೊಯ್ತದಲ್ಲಿ ಎಳೆಗಳ ತುದಿ ಅಂಟನ್ನು ಹೀರಿಕೊಂಡು ಸಂದನ್ನು ಬರಿದು ಮಾಡುತ್ತದೆ. ಎರಡೂ ಅಂಚಿಗೆ ಎದುರುಬದುರು ತೂತು ಕೊರೆದು 10 ದಪ್ಪದ ಬಿಡಿ ಮರದ ನಾಲಿಗೆಗಳನ್ನು 120ಕ್ಕೊಂದರಂತೆ ಎಪಾಕ್ಸಿಯಲ್ಲಿ ಕೂರಿಸಿ. ಕೆಳಗೆ ಅಡ್ಡಲಾಗಿ ಎರಡು ಕಬ್ಬಿಣದ ಪಟ್ಟಿ, ಅವುಗಳ ಸ್ಕ್ರೂ ತೂತು ಉದ್ದನೆಯದಾಗಿರಲಿ, ಮಳೆಗಾಲದಲ್ಲಿ ಹಲಗೆ ಉಬ್ಬಲು ಎಡೆ ಬೇಕು. ಅಂಚಿನಲ್ಲಿ ಉಳಿಯುವ 40ರ ಮೂಲೆ ಸೊಂಟಕ್ಕೆ ತಾಗುವಂಥದ್ದು, 3 ತ್ರಿಜ್ಯಕ್ಕೆ ಉಜ್ಜಿ.

ಮೇಲೆಕೆಳಗೆ ಸರಿದ ಸ್ತರಭಂಗವೂ ಚೆಂದ. 1819ರಲ್ಲಿ ಕಚ್ಛದ ರಣದಲ್ಲಿ ನೆಲ ಎದ್ದು ಆದ ‘ಅಲ್ಲಾ ಬಂದ್’ ದಿಬ್ಬ ಅದಕ್ಕೆ ಮಾದರಿ. ಅದು ಬೆಂಚಿಗೆ ಮಾತ್ರ ಇರಲಿ.

ಟೇಬಲ್ ನಿಜವಾಗಿಯೇ ಅಲುಗುವಂತೆ ಮಾಡಬಹುದೇ?

ಮಾಡಬಹುದು. ಕಟ್ಟಡಗಳನ್ನು ನೆಲದ ಅಲುಗಾಟದಿಂದ ಬೇರ್ಪಡಿಸುವ ಬೇಸ್ ಐಸೊಲೇಷನ್ ತಂತ್ರವೇ ಇಲ್ಲಿಯೂ ನಡೆಯುತ್ತದೆ. ಭುಜ್ ಭೂಕಂಪನದ ನಂತರ ಮತ್ತೆ ಕಟ್ಟಿದ ಅಲ್ಲಿನ ಜಿಲ್ಲಾ ಆಸ್ಪತ್ರೆಯ ಕೆಳಗೆ ಸೀಸದ ತಿರುಳಿನ ರಬ್ಬರ್ ಬೇರಿಂಗ್‌ಗಳಿವೆ. ಪೀಠೋಪಕರಣಕ್ಕೆ ರಬ್ಬರ್ ಬೇಡ, ಎದುರುಬದುರು ಇಟ್ಟ ಎರಡು ತಗ್ಗು ಬಟ್ಟಲು, ನಡುವೆ ಉಕ್ಕಿನ ಗುಂಡು ಸಾಕು.

ಬಟ್ಟಲಿನ ವಕ್ರತೆಯ ತ್ರಿಜ್ಯ 250, ಗುಂಡಿನ ವ್ಯಾಸ 25. ಎರಡು ಬಟ್ಟಲಿನ ನಡುವೆ ಉರುಳುವ ಗುಂಡಿಗೆ ಲೋಲಕದ ಉದ್ದ ಎರಡು ಪಟ್ಟು ಸಿಗುತ್ತದೆ: 250ರಲ್ಲಿ ಗುಂಡಿನ ತ್ರಿಜ್ಯ 12.5 ಕಳೆದು ಎರಡರಿಂದ ಗುಣಿಸಿದರೆ 475. ಒಂದು ತೂಗಾಟಕ್ಕೆ ಸುಮಾರು 1.4 ಸೆಕೆಂಡ್. ತೂಕ ಹೆಚ್ಚಿದರೂ ಕಡಿಮೆಯಾದರೂ ಈ ಕಾಲ ಬದಲಾಗುವುದಿಲ್ಲ, ಅದೇ ಇದರ ಸೊಗಸು. 40 ಕೆ.ಜಿ. ಮೇಲ್ಭಾಗವನ್ನು 30 ಸರಿಸಲು ಎರಡೂವರೆ ಕೆ.ಜಿ.ಯಷ್ಟು ಒತ್ತಡ ಸಾಕು.

ಕೆಡುವುದು ಮೂರು ಕಡೆ. ಬಟ್ಟಲನ್ನು ಮರದಲ್ಲಿ ಕೊರೆದರೆ ಗುಂಡು ನಿಂತಲ್ಲೇ ಗುಳಿ ಬಿದ್ದು ಟೇಬಲ್ ಅಲ್ಲಿಗೇ ಅಂಟಿಕೊಳ್ಳುತ್ತದೆ, ಆದ್ದರಿಂದ ಬಟ್ಟಲು ಉಕ್ಕಿನದೇ ಆಗಬೇಕು. ಉಕ್ಕಿನ ಮೇಲೆ ಉಕ್ಕು ಉರುಳಿದರೆ ತಡೆಯುವುದು ಏನೂ ಇಲ್ಲ, ಒಮ್ಮೆ ತಳ್ಳಿದರೆ ತೂಗುತ್ತಲೇ ಇರುತ್ತದೆ. ನಡುವೆ ಉಣ್ಣೆಯ ಫೆಲ್ಟ್ ಉಜ್ಜುವಂತೆ ಇಟ್ಟು ಶಮನ ಕೊಡಬೇಕು. ಮೂರನೆಯದು, ಬಟ್ಟಲಿನ ಅಂಚು ದಾಟಿ ಗುಂಡು ಹೊರಬೀಳುವುದು. ಅಂಚಿನಲ್ಲಿ ತಡೆ ಬೇಕು, ಮೇಲಿನ ಕೆಳಗಿನ ಭಾಗವನ್ನು ಸಡಿಲವಾದ ಕೇಬಲ್‌ನಿಂದ ಕಟ್ಟಿರಬೇಕು.

ಊಟದ ಟೇಬಲಿಗೆ ಇದು ಬೇಡವೇ ಬೇಡ, ಸಾರು ಬಡಿಸುವಾಗ ಗೊತ್ತಾಗುತ್ತದೆ. ಕಂಚಿನ ಮೂರ್ತಿ, ಗಾಜಿನ ಹೂಜಿ ಇಡುವ ಪೀಠಕ್ಕೆ ಒಳ್ಳೆಯದು.

ಭೂಕಂಪನ ತಾಳಿಕೊಳ್ಳುವ ಹಳೆಯ ಕಟ್ಟಡ ಪದ್ಧತಿಗಳಿಂದ ಕಲಿಯುವಂಥದ್ದು ಏನಿದೆ?

ಅಲೆಯ ಆಕಾರಕ್ಕಿಂತ ಹೆಚ್ಚು ಸರಕು ಅಲ್ಲಿದೆ. ಕಾಶ್ಮೀರದ ಧಜ್ಜಿ ದೇವಾರಿಯಲ್ಲಿ ಗೋಡೆಯನ್ನು ಮರದ ಚೌಕಟ್ಟಿನಿಂದ ಸಣ್ಣ ಸಣ್ಣ ಖಾನೆಗಳಾಗಿ ಒಡೆದು, ಖಾನೆಯೊಳಗೆ ಕಲ್ಲು-ಮಣ್ಣು ತುಂಬುತ್ತಾರೆ. ಅಲುಗಿದಾಗ ಖಾನೆಗಳು ಒಂದಕ್ಕೊಂದು ಉಜ್ಜಿ ಶಕ್ತಿಯನ್ನು ತಿನ್ನುತ್ತವೆ, ಬಿರುಕು ಒಂದು ಖಾನೆ ದಾಟುವುದಿಲ್ಲ. ಹಿಮಾಚಲದ ಕಾಠ್-ಕುಣಿಯಲ್ಲಿ ದೇವದಾರು ತೊಲೆ, ಗಾರೆಯಿಲ್ಲದ ಕಲ್ಲು ಒಂದರ ಮೇಲೊಂದು ಸರದಿಯಲ್ಲಿ ಬರುತ್ತವೆ.

ಬೀರುವಿನ ಬಾಗಿಲಿಗೆ ಧಜ್ಜಿಯ ಲೆಕ್ಕ ತಂದರೆ ದೊಡ್ಡ ಹಲಗೆಯ ಬದಲು ಚೌಕಟ್ಟಿನ ಗ್ರೂವ್‌ನಲ್ಲಿ ಅಂಟಿಲ್ಲದೆ ಕೂತ ಸಣ್ಣ ಹಲಗೆಗಳಾಗುತ್ತವೆ. 300 ಅಗಲದ ತೇಗದ ಹಲಗೆ ತೇವಾಂಶ ಶೇ. 6ರಷ್ಟು ಬದಲಾದರೆ ಸುಮಾರು 3 ಹಿಗ್ಗುತ್ತದೆ. ಪ್ರತಿ ಬದಿಗೆ 2 ಎಡೆ ಬಿಟ್ಟರೆ ಮಂಗಳೂರಿನ ಆಷಾಢದಲ್ಲೂ ಬಾಗಿಲು ಬಿಗಿಯುವುದಿಲ್ಲ. ಹಲಗೆ ಗಡಗಡ ಎನ್ನದಂತೆ ಗ್ರೂವ್‌ನಲ್ಲಿ ರಬ್ಬರ್ ಉಂಡೆ ಹಾಕಬಹುದು. ಪಾಲಿಶನ್ನು ಮಾತ್ರ ಹಲಗೆ ಕೂರಿಸುವ ಮೊದಲೇ ಹೊಡೆಯಿರಿ. ಆಮೇಲೆ ಹೊಡೆದರೆ ಹಲಗೆ ಕುಗ್ಗಿದಾಗ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ.

ಇಂಥ ಪೀಠೋಪಕರಣ ಭೂಕಂಪನದಲ್ಲಿ ಸುರಕ್ಷಿತವೇ?

ತಾನಾಗಿ ಅಲ್ಲ. ಸ್ಫೂರ್ತಿ ಬೇರೆ, ಸುರಕ್ಷತೆ ಬೇರೆ. ಸುರಕ್ಷತೆಗೆಂದೇ ಮಾಡಿದ್ದನ್ನು ನೋಡಬೇಕೆಂದರೆ ಜೆರುಸಲೇಮಿನ ಬೆಜಲೆಲ್ ಅಕಾಡೆಮಿಯಲ್ಲಿ ಆರ್ಥರ್ ಬ್ರಟರ್, ಇಡೊ ಬ್ರೂನೊ ರೂಪಿಸಿದ ಶಾಲಾ ಮೇಜು ಇದೆ. ಮೇಲೆ ಬೀಳುವ ಭಾರಿ ಅವಶೇಷದ ಹೊಡೆತ ತಡೆಯಬೇಕು, ಇಬ್ಬರು ಮಕ್ಕಳು ಎತ್ತಿ ಸರಿಸುವಂತೆಯೂ ಇರಬೇಕು ಎಂಬುದು ಅದರ ಗುರಿ.

ನಿಮ್ಮ ಬೀರು ಯಾವಾಗ ಅಲ್ಲಾಡಲು ಶುರುವಾಗುತ್ತದೆಂದು ತಿಳಿಯಲು ಆಳವನ್ನು ಎತ್ತರದಿಂದ ಭಾಗಿಸಿ. 450 ಆಳ, 1500 ಎತ್ತರ: 0.3 ಜಿ. 300 ಆಳದ 1800 ಎತ್ತರದ ಪುಸ್ತಕದ ಕಪಾಟು: 0.17 ಜಿ. ಭುಜ್ ಭೂಕಂಪನದಲ್ಲಿ ಇನ್ನೂರಕ್ಕೂ ಹೆಚ್ಚು ಕಿ.ಮೀ. ದೂರದ ಅಹಮದಾಬಾದಿನ ನೆಲದ ಮಟ್ಟದಲ್ಲೇ ಸುಮಾರು 0.11 ಜಿ ದಾಖಲಾಗಿತ್ತು, ಮೇಲಿನ ಮಹಡಿಗಳಲ್ಲಿ ಅಲುಗಾಟ ಅದಕ್ಕಿಂತ ಹೆಚ್ಚು.

ಇಟ್ಟಿಗೆ ಗೋಡೆಯಾದರೆ ಬೀರುವಿನ ಮೇಲಿನ ಅಡ್ಡಪಟ್ಟಿಯಿಂದ ಕನಿಷ್ಠ ಎರಡು ಕಡೆ ಬಿಗಿಯಿರಿ. ತೂತು 8 ವ್ಯಾಸ, ಗಿಲಾವು ಬಿಟ್ಟು ಇಟ್ಟಿಗೆಯೊಳಗೆ 50 ಆಳ ಹೋಗಬೇಕು. ಗಿಲಾವಿನಲ್ಲೇ ನಿಂತ ಪ್ಲಗ್ ಕೈಯಲ್ಲಿ ಎಳೆದರೂ ಬರುತ್ತದೆ. ಹಗುರ ಎಎಸಿ ಬ್ಲಾಕ್ ಗೋಡೆಗೆ ಮಾಮೂಲಿ ಪ್ಲಗ್ ಹಿಡಿಯುವುದಿಲ್ಲ, ಅದಕ್ಕೆಂದೇ ಬರುವ ಪ್ಲಗ್ ಕೇಳಿ ತನ್ನಿ.

ಜನ ಸತ್ತ ಭೂಕಂಪನದ ದಾಖಲೆಯನ್ನು ಅಲಂಕಾರಕ್ಕೆ ಬಳಸುವುದು ಸರಿಯೇ?

ಸ್ಮಾರಕಕ್ಕೋ ಊರಿನ ಗ್ರಂಥಾಲಯಕ್ಕೋ ಆದರೆ, ಅಲ್ಲಿನವರನ್ನು ಕೇಳಿ ಬಳಸಿ. ಮಾರುವ ವಸ್ತುವಿಗೆ ‘ಭುಜ್’, ‘ಕಿಲ್ಲಾರಿ’ ಎಂದು ಹೆಸರಿಡುವುದು ನಮಗೆ ಒಪ್ಪಿಗೆಯಿಲ್ಲ. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪನ ನಡೆದದ್ದು ಬೀದರ್, ಕಲಬುರಗಿಗೆ ಹತ್ತಿರದಲ್ಲಿ. ಅದನ್ನು ನೆನಪಿಟ್ಟಿರುವ ಮನೆಗಳು ಗಡಿಯ ಈಚೆಗೂ ಇವೆ. ಆಕಾರವಷ್ಟೇ ಬೇಕಿದ್ದರೆ ಜನವಸತಿಯಿಲ್ಲದ ಕಡೆ ಆದ ಕಂಪನದ ದಾಖಲೆಗಳು ಬೇಕಾದಷ್ಟಿವೆ.

ಯಾವ ಪ್ಲೈ, ಯಾವ ಮರ?

ಬಾಗಿದ ಗೋಡೆಗೆ ತೆಳು ಫ್ಲೆಕ್ಸಿ ಪ್ಲೈ ಪದರಗಳನ್ನು ಅಚ್ಚಿನ ಮೇಲೆ ಅಂಟಿಸಿ 18ಕ್ಕೆ ತನ್ನಿ. ಮೊದಲು ಒಂದು ತುಂಡನ್ನು 150 ತ್ರಿಜ್ಯಕ್ಕೆ ಬಗ್ಗಿಸಿ ನೋಡಿ, ಒಂದೊಂದು ಕಂಪನಿಯದು ಒಂದೊಂದು ಥರ ಬಗ್ಗುತ್ತದೆ. ಅಚ್ಚಿನಿಂದ ಬಿಡಿಸಿದಾಗ ಗೋಡೆ ತುಸು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಅಚ್ಚನ್ನು ಒಂದಿಷ್ಟು ಹೆಚ್ಚು ಬಾಗಿಸಿ ಮಾಡಿ, ರಾತ್ರಿಯಿಡೀ ಕ್ಲಾಂಪಿನಲ್ಲೇ ಬಿಡಿ. ತಳ, ಒಳಪಟ್ಟಿ, ಡ್ರಾಯರ್ ಪೆಟ್ಟಿಗೆಗೆ ಐಎಸ್ 303 ದರ್ಜೆಯ ಸಾಮಾನ್ಯ ಬಳಕೆಯ ಪ್ಲೈ ನಡೆಯುತ್ತದೆ. ಕರಾವಳಿಯಾದರೆ ಐಎಸ್ 710ರದ್ದೇ (ಮರೈನ್ ಪ್ಲೈ) ಹಾಕಿ.

ಮುಂಭಾಗದ ಹಲಗೆಗಳನ್ನು ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಕೊಯ್ಯುವ ಯಂತ್ರ) ಕೊಯ್ಯಿಸುವುದಾದರೆ 18 ದಪ್ಪವನ್ನು ಮೂರು ಸುತ್ತಿನಲ್ಲಿ ತೆಗೆಯಲು ಹೇಳಿ, ಒಂದೇ ಸುತ್ತಿಗೆ ಹೋದರೆ ಬಿಟ್ ಬಿಸಿಯಾಗಿ ಅಂಚು ಕಪ್ಪಾಗುತ್ತದೆ. ಕಡತದಲ್ಲಿ ಗೆರೆ ಸಾವಿರ ಸಣ್ಣ ತುಂಡುಗಳಾಗಿದ್ದರೆ ಯಂತ್ರ ತಡೆತಡೆದು ಓಡಿ ಅಂಚಿನಲ್ಲಿ ಗೀರು ಬಿಡುತ್ತದೆ. ಹತ್ತು ಹದಿನೈದು ಬಿಂದುಗಳ ಒಂದೇ ನುಣುಪು ವಕ್ರರೇಖೆಯಾಗಿ ಬದಲಿಸಿಯೇ ಕಡತ ಕಳುಹಿಸಿ.